ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ: ವಾಯ್ನಿಚ್ ಹಸ್ತಪ್ರತಿ ಮತ್ತು ನಮ್ಮ ಮನೆಯ ತಾಳೆಗರಿ ಕಟ್ಟು

ಕಳೆದ ವರ್ಷದ ಮಳೆಗಾಲದಲ್ಲಿ ಶಿರಸಿಯ ಸಮೀಪದ ನಮ್ಮ ಮೂಲಮನೆಯ ಹಂಚು ಒಡೆದು ಅಟ್ಟಕ್ಕೆ ನೀರು ಇಳಿಯತೊಡಗಿದಾಗ, ದೊಡ್ಡಪ್ಪ ಅಲ್ಲಿದ್ದ ಸಾಮಾನನ್ನೆಲ್ಲ ಜಗಲಿಗೆ ತಂದಿಟ್ಟರು. ಹಳೆಯ ಕಂಚಿನ ಪಾತ್ರೆಗಳು ಮತ್ತು ತೂಕದ ಕಲ್ಲುಗಳ ನಡುವೆ, ಮಾಸಿದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ತಾಳೆಗರಿಯ ಕಟ್ಟು ಸಿಕ್ಕಿತು. ಅದು ತಿಗಳಾರಿ ಲಿಪಿಯಲ್ಲಿದೆ. ಗ್ರಂಥ ಲಿಪಿಯಿಂದ ಬೆಳೆದು ಮಲಯಾಳದ ಅಕ್ಷರಗಳಿಗೆ ಹತ್ತಿರವಾಗಿರುವ ಈ ಲಿಪಿಯಲ್ಲಿ ನಮ್ಮ ಕಡೆಯ ಹವ್ಯಕರು ಹಿಂದೆ ಸಂಸ್ಕೃತ ಗ್ರಂಥಗಳನ್ನು ಬರೆದಿಡುತ್ತಿದ್ದರು. 2024ರಲ್ಲಿ ಯೂನಿಕೋಡ್‌ನ 16ನೆಯ ಆವೃತ್ತಿ ಇದನ್ನು ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಸೇರಿಸಿಕೊಂಡಿತು. ದೊಡ್ಡಪ್ಪನಿಗೆ ಈ ಲಿಪಿಯನ್ನು ಓದಲು ಬರುತ್ತದೆ. ನನಗೆ ಬರುವುದಿಲ್ಲ.

ನಾನು ಕಾರವಾರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಕಲಿಸುತ್ತೇನೆ. ಕಟ್ಟು ಸಿಕ್ಕ ಹೊತ್ತಿಗೆ, ಯಾರೂ ಇದುವರೆಗೆ ಓದಲಾಗದ ವಾಯ್ನಿಚ್ ಹಸ್ತಪ್ರತಿಯ ಅಕ್ಷರಗಳ ಲೆಕ್ಕದಲ್ಲಿ ಎರಡು ವರ್ಷಗಳಿಂದ ತೊಡಗಿಕೊಂಡಿದ್ದೆ. ಹಾಗಾಗಿ ನನಗೊಂದು ಯೋಚನೆ ಬಂದಿತು. ದೊಡ್ಡಪ್ಪನನ್ನು ಏನೂ ಕೇಳದೆ, ನಮ್ಮ ಮನೆಯ ಕಟ್ಟನ್ನೇ ಓದಲಾಗದ ಹಸ್ತಪ್ರತಿಯೆಂದು ಭಾವಿಸಿ, ಅದರ ಚಿಹ್ನೆಗಳನ್ನು ಎಣಿಸಿ ನೋಡಿದರೆ ನನ್ನ ಲೆಕ್ಕದ ಕ್ರಮ ಎಷ್ಟು ನಂಬಿಕೆಗೆ ತಕ್ಕದ್ದು ಎಂದು ತಿಳಿಯುತ್ತದೆ, ಏಕೆಂದರೆ ಇಲ್ಲಿ ಕೊನೆಗೆ ಸರಿಯುತ್ತರ ಹೇಳುವವರು ಮನೆಯಲ್ಲಿಯೇ ಇದ್ದಾರೆ. ಆರು ಗರಿಗಳ ಚಿತ್ರ ತೆಗೆದುಕೊಂಡು, ಒಂದೊಂದು ಆಕಾರಕ್ಕೂ ಒಂದೊಂದು ಸಂಖ್ಯೆ ಕೊಟ್ಟು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಣಿಸಿದೆ. ನನ್ನ ಪಟ್ಟಿಯಲ್ಲಿ ಏಳನೆಯ ಸಂಖ್ಯೆ ಪಡೆದ ಒಂದು ಸುರುಳಿ ಬಹಳ ಸಲ ಬರುತ್ತಿತ್ತು. ಅದು ಯಾವಾಗಲೂ ಇನ್ನೊಂದು ಚಿಹ್ನೆಯ ಎಡಕ್ಕೇ ಇರುತ್ತಿತ್ತು. ಸಾಲಿನ ಕೊನೆಯಲ್ಲಿ ಒಮ್ಮೆಯೂ ಬರಲಿಲ್ಲ. ಎರಡು ಸುರುಳಿಗಳು ಅಂಟಿಕೊಂಡು ಬಂದದ್ದೂ ಇಲ್ಲ. ಇದು ಪದದ ಆರಂಭದಲ್ಲಿ ಮಾತ್ರ ಬರುವ ಒಂದು ವಿಶೇಷ ವ್ಯಂಜನವಿರಬೇಕು ಎಂದು ಬರೆದುಕೊಂಡೆ.

ಪಟ್ಟಿಯನ್ನು ದೊಡ್ಡಪ್ಪನಿಗೆ ತೋರಿಸಿದಾಗ ಅವರು ಆ ಸುರುಳಿಯ ಮೇಲೆ ಬೆರಳಿಟ್ಟು, ಅದು ವ್ಯಂಜನವೇ ಅಲ್ಲ, ಏತ್ವ ಎಂದರು. ಕನ್ನಡದಲ್ಲಿ ‘ದೇ’ ಬರೆಯುವಾಗ ಏತ್ವವು ದಕಾರದ ನೆತ್ತಿಯ ಮೇಲೆ ಕೂರುತ್ತದೆ. ತಿಗಳಾರಿಯಲ್ಲಿ ಅದೇ ಸ್ವರದ ಗುರುತನ್ನು ವ್ಯಂಜನದ ಎಡಕ್ಕೆ ಮೊದಲು ಬರೆಯುತ್ತಾರೆ, ಉಚ್ಚಾರ ಮಾತ್ರ ವ್ಯಂಜನದ ನಂತರ. ನಾನು ಎರಡು ಅಕ್ಷರಗಳೆಂದು ಎಣಿಸಿದ್ದು ಒಂದೇ ಅಕ್ಷರ. ನಾನು ಮೊದಲನೆಯದೆಂದು ತಿಳಿದದ್ದು ಧ್ವನಿಯಲ್ಲಿ ಎರಡನೆಯದು. “ಎಣಿಸೂದು ಆಮೇಲಾತು ಕೂಸೇ, ಮೊದ್ಲು ಒಂದು ಅಕ್ಷರ ಯಾವ್ದು ಹೇಳಿ ನೋಡ್ಕ್ಯ,” ಎಂದು ಹೇಳಿ ಅವರು ಅಡಿಕೆ ಸುಲಿಯುವವರ ಕಡೆಗೆ ಹೋದರು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಆ ಮಾತಿನ ಸುತ್ತಲೇ ಇದೆ, ಏಕೆಂದರೆ ವಾಯ್ನಿಚ್ ಹಸ್ತಪ್ರತಿಯ ಬಗ್ಗೆ ನಾನು ಮಾಡಿದ ಹಾಗೂ ಓದಿದ ಲೆಕ್ಕಗಳೆಲ್ಲವೂ ಅದೇ ಪ್ರಶ್ನೆಯ ಮೇಲೆ ನಿಂತಿವೆ.

ಹಸ್ತಪ್ರತಿಯ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ 408ನೆಯ ಸಂಖ್ಯೆಯ ಹಸ್ತಪ್ರತಿಯಾಗಿ ಅದನ್ನು ಇರಿಸಿದ್ದಾರೆ. ಹಳೆಯ ಪುಸ್ತಕಗಳ ವ್ಯಾಪಾರಿ ವಿಲ್ಫ್ರಿಡ್ ವಾಯ್ನಿಚ್ 1912ರಲ್ಲಿ ರೋಮ್ ನಗರದ ಸಮೀಪ ಜೆಸುಯಿಟ್ ಪಾದ್ರಿಗಳಿಂದ ಅದನ್ನು ಕೊಂಡ ಕಾರಣ ಅವನ ಹೆಸರು ಅದಕ್ಕೆ ಅಂಟಿಕೊಂಡಿತು. 1969ರಲ್ಲಿ ಅದು ಯೇಲ್‌ಗೆ ದಾನವಾಗಿ ಬಂದಿತು. ಸುಮಾರು 240 ಪುಟಗಳ ಆ ಪುಸ್ತಕದಲ್ಲಿ ಗಿಡಮೂಲಿಕೆಗಳು, ನಕ್ಷತ್ರಚಕ್ರಗಳು, ಹಸಿರು ನೀರಿನ ಕೊಳಗಳಲ್ಲಿ ನಿಂತ ಸ್ತ್ರೀಯರು, ಔಷಧದ ಭರಣಿಗಳಂತೆ ಕಾಣುವ ಪಾತ್ರೆಗಳು ಇವೆ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಚರ್ಮಪತ್ರದ ಇಂಗಾಲ ಪರೀಕ್ಷೆ ನಡೆದು, ಅದು 1404 ಮತ್ತು 1438ರ ನಡುವಿನದೆಂದು ತಿಳಿದುಬಂದಿದೆ. ಆ ಅವಧಿಯ ಕೊನೆಯ ವರ್ಷಗಳಲ್ಲಿ ವಿಜಯನಗರದ ಸಿಂಹಾಸನದ ಮೇಲೆ ಎರಡನೆಯ ದೇವರಾಯನಿದ್ದನು. ಬರವಣಿಗೆಯಲ್ಲಿ ಸುಮಾರು 38,000 ಪದಗಳಿವೆ. ಪದಗಳ ನಡುವೆ ಬಿಡುವು ಸ್ಪಷ್ಟವಾಗಿದೆ, ಕೈ ತಡವರಿಸಿದ ಲಕ್ಷಣ ಕಾಣುವುದಿಲ್ಲ, ತಿದ್ದುಗಳು ಬಹಳ ಕಡಿಮೆ. ನಮ್ಮ ತಾಳೆಗರಿಗಳನ್ನು ನೋಡಿದವರಿಗೆ ಈ ಕೊನೆಯ ಸಂಗತಿ ವಿಚಿತ್ರವೆನಿಸುತ್ತದೆ; ನಮ್ಮ ಲಿಪಿಕಾರರು ಕೈಯಿಂದಾದ ಅಪರಾಧವನ್ನು ಸಜ್ಜನರು ಕ್ಷಮಿಸಬೇಕೆಂದು ಕೊನೆಯ ಗರಿಯಲ್ಲಿ ಬರೆದೇ ಮುಗಿಸುತ್ತಿದ್ದರು.

ಅಕ್ಷರಗಳನ್ನು ಎಣಿಸಬೇಕಾದರೆ ಮೊದಲು ಅವುಗಳನ್ನು ಗಣಕಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಗೇಬ್ರಿಯಲ್ ಲ್ಯಾಂಡಿನಿ ಮತ್ತು ರೆನೆ ಝ್ಯಾಂಡ್‌ಬರ್ಗನ್ 1990ರ ದಶಕದಲ್ಲಿ ರೂಪಿಸಿದ ಇವಾ ಎಂಬ ಲಿಪ್ಯಂತರ ಕ್ರಮ. ಅದರಲ್ಲಿ ಪ್ರತಿಯೊಂದು ಗೀಟಿಗೂ ಒಂದು ರೋಮನ್ ಅಕ್ಷರವನ್ನು ಗೊತ್ತುಮಾಡಿದ್ದಾರೆ. ಬಾಯಲ್ಲಿ ಹೇಳಲು ಬರುವಂತೆ ಅಕ್ಷರಗಳನ್ನು ಆರಿಸಿರುವುದರಿಂದ ಪದಗಳಿಗೆ ‘ದಯಿನ್’, ‘ಚೇದಿ’, ‘ಕೊಕೇದಿ’ ಎಂಬಂತಹ ಹೆಸರುಗಳು ಬಂದಿವೆ. ಇವು ಉಚ್ಚಾರಗಳಲ್ಲ, ಕೇವಲ ಹೆಸರುಗಳು. ‘ದಯಿನ್’ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಪದ.

ಇವಾ ರೂಪದಲ್ಲಿ ಎಣಿಸಿದಾಗ ಕಾಣುವ ಕಟ್ಟುನಿಟ್ಟು ಮೊದಲ ದಿನವೇ ಯಾರನ್ನಾದರೂ ಬೆರಗುಗೊಳಿಸುತ್ತದೆ. ‘ಕ್ಯೂ’ ಎಂದು ಕರೆಯುವ ಅಕ್ಷರ ಪದದ ಆರಂಭದಲ್ಲಿ ಬರುತ್ತದೆ, ಅದರ ನಂತರ ಬಹುತೇಕ ಯಾವಾಗಲೂ ‘ಓ’ ಬರುತ್ತದೆ. ‘ವೈ’ ಎಂಬುದು ಹೆಚ್ಚಾಗಿ ಪದದ ಅಂತ್ಯದಲ್ಲಿ ಬರುತ್ತದೆ. ‘ಎಮ್’ ಸಾಲಿನ ಕೊನೆಯನ್ನು ಇಷ್ಟಪಡುತ್ತದೆ. ಗಲ್ಲುಗಂಬದ ಅಕ್ಷರಗಳೆಂದು ಕರೆಯುವ ನಾಲ್ಕು ಎತ್ತರದ ಚಿಹ್ನೆಗಳಲ್ಲಿ ಎರಡು, ಪ್ಯಾರಾದ ಮೊದಲ ಸಾಲಿನಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಪದದೊಳಗೆ ಯಾವ ಚಿಹ್ನೆ ಯಾವುದರ ಹಿಂದೆ ಬರಬೇಕು ಎಂಬುದಕ್ಕೆ ಊಟದ ಪಂಕ್ತಿಯಲ್ಲಿ ಬಡಿಸುವ ಕ್ರಮದಷ್ಟೇ ಖಚಿತವಾದ ಕ್ರಮವಿದೆ.

ಈ ಕಟ್ಟುನಿಟ್ಟನ್ನು ಅಳೆಯುವ ಅಳತೆಗೋಲನ್ನು ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟನು. ಅದಕ್ಕೆ ಎಂಟ್ರಪಿ ಎಂದು ಹೆಸರು. ನನ್ನ ವಿದ್ಯಾರ್ಥಿಗಳಿಗೆ ನಾನು ಅದನ್ನು ಹೀಗೆ ವಿವರಿಸುತ್ತೇನೆ. ಒಂದು ಪುಟದ ಬರಹವನ್ನು ಹಾಳೆಯಿಂದ ಮುಚ್ಚಿ, ಒಂದೊಂದೇ ಅಕ್ಷರವನ್ನು ತೆರೆಯುತ್ತಾ ಹೋಗಿ. ಈಗ ಕಾಣುತ್ತಿರುವ ಅಕ್ಷರ ಗೊತ್ತಿದ್ದಾಗ ಮುಂದಿನ ಅಕ್ಷರವನ್ನು ಕಂಡುಹಿಡಿಯಲು ಸರಾಸರಿ ಎಷ್ಟು ‘ಹೌದೋ ಅಲ್ಲವೋ’ ಪ್ರಶ್ನೆಗಳು ಬೇಕಾಗುತ್ತವೆ ಎಂಬುದೇ ಎರಡನೆಯ ಹಂತದ ಎಂಟ್ರಪಿ. ಅಂತಹ ಒಂದು ಪ್ರಶ್ನೆಗೆ ಒಂದು ಬಿಟ್ ಎಂದು ಲೆಕ್ಕ. ಲ್ಯಾಟಿನ್, ಇಟಾಲಿಯನ್, ಇಂಗ್ಲಿಷ್ ಭಾಷೆಗಳಲ್ಲಿ ಅದು 3 ಬಿಟ್‌ಗಿಂತ ಹೆಚ್ಚು. ಅಂದರೆ ಎಂಟಕ್ಕಿಂತ ಹೆಚ್ಚು ಸಾಧ್ಯತೆಗಳ ನಡುವೆ ಆಯ್ಕೆ ಮಾಡಿದಷ್ಟು ಕಷ್ಟ. ವಾಯ್ನಿಚ್ ಬರಹದಲ್ಲಿ, ಇವಾ ರೂಪದಲ್ಲಿ ಎಣಿಸಿದರೆ, ಅದು ಸುಮಾರು 2 ಬಿಟ್. ನಾಲ್ಕು ಸಾಧ್ಯತೆಗಳ ನಡುವಿನ ಆಯ್ಕೆ ಅಷ್ಟೇ. ಈ ಅಂತರವನ್ನು ವಿಲಿಯಂ ಬೆನೆಟ್ ಎಂಬ ಭೌತವಿಜ್ಞಾನಿ 1976ರಲ್ಲಿ ತೋರಿಸಿ, ಇಷ್ಟು ಕಡಿಮೆ ಎಂಟ್ರಪಿಯನ್ನು ಹವಾಯಿಯಂತಹ ಕೆಲವೇ ಅಕ್ಷರಗಳ ಭಾಷೆಯಲ್ಲಿ ಮಾತ್ರ ಕಾಣಬಹುದು ಎಂದನು. ಹವಾಯಿ ಭಾಷೆಯ ಅಕ್ಷರಮಾಲೆಯಲ್ಲಿ ಇರುವುದು 13 ಅಕ್ಷರಗಳು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಒಂದು ಭಾಷೆಯ ಪ್ರತಿಯೊಂದು ಅಕ್ಷರದ ಬದಲಿಗೆ ಬೇರೊಂದು ಚಿಹ್ನೆಯನ್ನು ಇಟ್ಟು ಬರೆದರೆ, ಕಣ್ಣಿಗೆ ಬರಹ ಬೇರೆಯಾಗಿ ಕಂಡರೂ ಎಂಟ್ರಪಿ ಒಂದಿಷ್ಟೂ ಬದಲಾಗುವುದಿಲ್ಲ. ಆದ್ದರಿಂದ ವಾಯ್ನಿಚ್ ಬರಹ ಯಾವುದೋ ಯುರೋಪಿನ ಭಾಷೆಯ ಅಕ್ಷರಕ್ಕೊಂದು ಚಿಹ್ನೆಯ ಸರಳ ಬದಲಿ ಬರಹವಾಗಿರಲು ಸಾಧ್ಯವಿಲ್ಲ. ಪ್ರತಿ ವರ್ಷವೂ ಯಾರಾದರೊಬ್ಬರು ಹಸ್ತಪ್ರತಿಯನ್ನು ಓದಿದೆನೆಂದು ಹೇಳುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಅವರಲ್ಲಿ ಬಹಳಷ್ಟು ಜನ ಈ ಒಂದು ಸಂಗತಿಯ ಎದುರು ನಿಲ್ಲುವುದಿಲ್ಲ. 1921ರಲ್ಲಿ ವಿಲಿಯಂ ನ್ಯೂಬೋಲ್ಡ್ ಎಂಬ ಪ್ರಾಧ್ಯಾಪಕನು ಅಕ್ಷರಗಳೊಳಗಿನ ಅತಿ ಸೂಕ್ಷ್ಮವಾದ ಗೀಟುಗಳೇ ನಿಜವಾದ ಬರಹವೆಂದು ಸಾರಿದ್ದನು; 1931ರಲ್ಲಿ ಜಾನ್ ಮ್ಯಾನ್ಲಿ ಅವು ಚರ್ಮಪತ್ರದ ಮೇಲೆ ಒಣಗಿದ ಶಾಯಿಯ ಬಿರುಕುಗಳೆಂದು ತೋರಿಸಿದನು. ಎಲ್ಲಿಂದ ಎಲ್ಲಿಯವರೆಗೆ ಒಂದು ಚಿಹ್ನೆ ಎಂಬ ಪ್ರಶ್ನೆಯಲ್ಲಿ ತಪ್ಪಿದರೆ ವಿದ್ವಾಂಸರೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ದೊಡ್ಡಪ್ಪನ ಮಾತಿನ ನಂತರ ನಾನು ಇದೇ ಪ್ರಶ್ನೆಯನ್ನು ಕನ್ನಡಕ್ಕೆ ಕೇಳಿದೆ. ‘ಕಾರವಾರ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಒಂದನೆಯ ತರಗತಿಯ ಮಗು 4 ಎನ್ನುತ್ತದೆ: ಕಾ, ರ, ವಾ, ರ. ಗಣಕಯಂತ್ರ 6 ಎನ್ನುತ್ತದೆ, ಏಕೆಂದರೆ ಅದು ಎರಡು ದೀರ್ಘದ ಗುರುತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಧ್ವನಿಗಳನ್ನು ಬಿಡಿಸುವ ವ್ಯಾಕರಣಕಾರನಿಗೆ ಅವು 8, ಏಕೆಂದರೆ ರಕಾರದ ಒಳಗೆ ಬರೆಯದೆ ಉಳಿದ ಅಕಾರವೂ ಒಂದು ವರ್ಣ. ‘ಗೋಕರ್ಣ’ವನ್ನು ತೆಗೆದುಕೊಂಡರೆ ಮಗುವಿನ ಲೆಕ್ಕ 3, ಯಂತ್ರದ್ದು 6, ವರ್ಣಗಳ ಲೆಕ್ಕ 7. ಅದರಲ್ಲಿ ಇನ್ನೂ ಒಂದು ತೊಡಕಿದೆ: ಅರ್ಕಾವೊತ್ತನ್ನು ಣಕಾರದ ನಂತರ ಬರೆಯುತ್ತೇವೆ, ಆದರೆ ಅದಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಕನ್ನಡ ತಿಳಿಯದವನೊಬ್ಬನು ಗೋಕರ್ಣದ ನಾಮಫಲಕದ ಗೀಟುಗಳನ್ನು ಎಡದಿಂದ ಬಲಕ್ಕೆ ಕ್ರಮವಾಗಿ ಎಣಿಸಿದರೆ, ಅವನಿಗೆ ಸಿಗುವ ಸರಣಿ ಯಾವ ಕನ್ನಡಿಗನ ಬಾಯಲ್ಲಿಯೂ ಇಲ್ಲದ ಸರಣಿ.

ಒಂದು ಭಾನುವಾರ ಕೋಡಿಬಾಗದ ಬಾಡಿಗೆ ಮನೆಯಲ್ಲಿ ಕುಳಿತು, ನಾನೇ ಬರೆದ ಹಳೆಯ ಪಾಠದ ಟಿಪ್ಪಣಿಗಳನ್ನು ಯಂತ್ರಕ್ಕೆ ಕೊಟ್ಟು ಎರಡು ರೀತಿಯಲ್ಲಿ ಎಣಿಸಿದೆ. ಗುರುತುಗಳನ್ನು ಬಿಡಿಬಿಡಿಯಾಗಿ ಎಣಿಸಿದಾಗ, ವ್ಯಂಜನದ ಒಳಗಿನ ಅಕಾರವನ್ನು ತೆಗೆಯುವ ಗುರುತು, ಅಂದರೆ ಒತ್ತಕ್ಷರಗಳ ಹಿಂದೆ ಕಣ್ಣಿಗೆ ಕಾಣದೆ ಕುಳಿತಿರುವ ವಿರಾಮ, ಅತಿ ಹೆಚ್ಚು ಬರುವ ‘ಅಕ್ಷರ’ಗಳ ಸಾಲಿನಲ್ಲಿ ಮೇಲೆ ನಿಂತಿತು. ಶಾಲೆಗೆ ಹೋದ ಯಾವ ಕನ್ನಡಿಗರೂ ಅದನ್ನು ಒಂದು ಅಕ್ಷರವೆಂದು ಎಣಿಸುವುದಿಲ್ಲ. ಪಟ್ಟಿಯನ್ನು ಮುಂದೆ ನೋಡುತ್ತಾ ಹೋದಂತೆ ನನ್ನ ಎದೆ ಬಡಿತ ಹೆಚ್ಚಿತು. ಅ, ಆ, ಇ ಮುಂತಾದ ಪೂರ್ಣಸ್ವರಗಳು ಬಹುತೇಕ ಪದದ ಆರಂಭದಲ್ಲಿ ಮಾತ್ರ ಬರುತ್ತವೆ, ವಾಯ್ನಿಚ್‌ನ ‘ಕ್ಯೂ’ ಬಂದ ಹಾಗೆ. ಸೊನ್ನೆ ಎಂದೂ ಪದದ ಮೊದಲು ಬರುವುದಿಲ್ಲ. ಗುಡಿಸಿನ ಮೇಲೆ ಕೊಂಬು ಬರುವುದಿಲ್ಲ. ವಿರಾಮದ ನಂತರ, ಪದ ಅಲ್ಲಿಯೇ ಮುಗಿಯದಿದ್ದರೆ, ವ್ಯಂಜನವೇ ಬರಬೇಕು. ಯುರೋಪಿನ ವಿದ್ವಾಂಸರಿಗೆ ವಿಚಿತ್ರವೆನಿಸಿದ ಕಟ್ಟುನಿಟ್ಟು ನಮ್ಮ ಕಾಗುಣಿತದಲ್ಲಿ ದಿನನಿತ್ಯದ ಸಂಗತಿ. ಅದೇ ಟಿಪ್ಪಣಿಗಳನ್ನು ಪೂರ್ಣ ಅಕ್ಷರಗಳಾಗಿ, ಅಂದರೆ ‘ಕಾ’, ‘ರ್ಣ’ ಒಂದೊಂದೇ ಎಂದು ಎಣಿಸಿದಾಗ ಆ ನಿಯಮಗಳಲ್ಲಿ ಹೆಚ್ಚಿನವು ಅಕ್ಷರದ ಒಳಗೆ ಅಡಗಿಹೋದವು, ಎಂಟ್ರಪಿ ಮೇಲೇರಿತು. ಹಾಗಾದರೆ ವಾಯ್ನಿಚ್ ಕೂಡ ಕಾಗುಣಿತದ ಲಿಪಿಯೇ ಏಕಾಗಿರಬಾರದು ಎಂಬ ಆಸೆ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಆ ಆಸೆಯನ್ನು ಪರೀಕ್ಷಿಸಲು ನಾಲ್ಕು ತಿಂಗಳು ಬೇಕಾಯಿತು. ವಾಯ್ನಿಚ್ ಪದದ ರಚನೆಯನ್ನು ಬ್ರೆಜಿಲ್‌ನ ಗಣಕ ವಿಜ್ಞಾನಿ ಜಾರ್ಜಿ ಸ್ಟಾಲ್ಫಿ ಮೂರು ಪದರಗಳಾಗಿ ವಿವರಿಸಿದ್ದಾರೆ: ಹೊರಗೆ ತೊಗಟೆ, ಅದರೊಳಗೆ ಇನ್ನೊಂದು ಪದರ, ನಡುವೆ ತಿರುಳು. ಗಲ್ಲುಗಂಬದ ಅಕ್ಷರಗಳು ತಿರುಳಿನಲ್ಲಿ ಬರುತ್ತವೆ, ‘ಚ’ ಮತ್ತು ‘ಶ’ ಎಂದು ಕರೆಯುವ ಚಿಹ್ನೆಗಳು ಅದರ ಪಕ್ಕದ ಪದರದಲ್ಲಿ, ಉಳಿದವು ಅಂಚುಗಳಲ್ಲಿ. ಇದನ್ನು ಓದಿದಾಗ ನನಗೆ ‘ಸ್ತ್ರೀಂ’ ಎಂಬ ಒಂದೇ ಅಕ್ಷರ ನೆನಪಾಯಿತು: ಮೂಲವ್ಯಂಜನ, ಅದರ ಕೆಳಗೆ ಒತ್ತುಗಳು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೊನೆಗೆ ಸೊನ್ನೆ. ಪ್ರತಿಯೊಂದಕ್ಕೂ ತನ್ನದೇ ಸ್ಥಾನವಿದೆ, ಯಾವುದೂ ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ವಾಯ್ನಿಚ್‌ನ ಒಂದು ‘ಪದ’ ನಿಜವಾಗಿ ಒಂದು ಅಕ್ಷರವಾಗಿದ್ದರೆ?

ಈ ಊಹೆ ಎರಡು ಕಡೆ ಮುರಿಯುತ್ತದೆ. ಮೊದಲನೆಯದು ಸಂಖ್ಯೆಯದು. ಹಸ್ತಪ್ರತಿಯಲ್ಲಿ ಒಂದಕ್ಕಿಂತ ಒಂದು ಭಿನ್ನವಾದ ಪದಗಳು ಸುಮಾರು 8,000 ಇವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಮ್ಮೆ ಮಾತ್ರ ಬರುತ್ತವೆ. ಕನ್ನಡದ 34 ವ್ಯಂಜನಗಳನ್ನು ಕಾಗುಣಿತದ ಸ್ವರಗಳೊಡನೆ ಕೂಡಿಸಿದರೆ ಕೆಲವು ನೂರು ಅಕ್ಷರಗಳಾಗುತ್ತವೆ. ಒತ್ತಕ್ಷರಗಳನ್ನು ಸೇರಿಸಿದರೂ ಅಷ್ಟು ಗಾತ್ರದ ಒಂದು ಬರಹದಲ್ಲಿ ಎಂಟು ಸಾವಿರ ಬಗೆಯ ಅಕ್ಷರಗಳು ಬಳಕೆಯಾಗುವುದಿಲ್ಲ. ಎರಡನೆಯದು ನನಗೆ ಇನ್ನೂ ಬಲವಾಗಿ ತೋರುತ್ತದೆ. ಪದವೇ ಅಕ್ಷರವಾಗಿದ್ದರೆ, ‘ಅಡಿಕೆ’ಯಂತಹ ಒಂದು ಪದ ಮೂರು ‘ಪದ’ಗಳ ಸರಣಿಯಾಗಿ ಅದೇ ಕ್ರಮದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳಬೇಕು. ವಾಯ್ನಿಚ್‌ನಲ್ಲಿ ಮೂರು ಪದಗಳ ಸರಣಿ ಹಾಗೆಯೇ ಮರಳಿ ಬರುವುದು ಬಹಳ ವಿರಳ. ಒಂದೇ ಪದ ಪಕ್ಕಪಕ್ಕದಲ್ಲಿ ಎರಡು ಸಲ ಬರುವುದುಂಟು, ಒಂದು ಚಿಹ್ನೆ ಮಾತ್ರ ಬದಲಾದ ಪದಗಳು ಸಾಲಾಗಿ ಬರುವುದುಂಟು, ಆದರೆ ನುಡಿಗಟ್ಟುಗಳು ಮರುಕಳಿಸುವುದಿಲ್ಲ. ನನ್ನ ಊಹೆಯನ್ನು ನಾನು ಅಲ್ಲಿಗೆ ಕೈಬಿಟ್ಟೆ.

ಆದರೂ ದೊಡ್ಡಪ್ಪನ ಪ್ರಶ್ನೆ ಬಿಡಲಿಲ್ಲ, ಏಕೆಂದರೆ ಇವಾ ಕ್ರಮದಲ್ಲಿ ಕೆಲವು ಅಕ್ಷರಗಳು ಚೂರುಚೂರಾಗಿರುವುದು ನಿಜ. ‘ದಯಿನ್’ ಪದದ ಕೊನೆಯಲ್ಲಿ ಸಾಲಾಗಿ ನಿಂತ ಸಣ್ಣ ಗೀಟುಗಳನ್ನು ಇವಾ ಬೇರೆ ಬೇರೆ ಅಕ್ಷರಗಳಾಗಿ ಬರೆಯುತ್ತದೆ. ಬರೆದವನಿಗೆ ಅದೆಲ್ಲ ಒಂದೇ ಅಕ್ಷರವಾಗಿದ್ದಿರಬಹುದು, ನಮ್ಮ ‘ಯ’ದ ಬಳುಕುಗಳನ್ನು ಯಾರೂ ಬಿಡಿಬಿಡಿಯಾಗಿ ಎಣಿಸದಿರುವ ಹಾಗೆ. ‘ಚ’ ಎಂಬುದನ್ನಂತೂ ಇವಾ ಎರಡು ರೋಮನ್ ಅಕ್ಷರಗಳಿಂದ ಬರೆಯುತ್ತದೆ. ಹೀಗೆ ಒಡೆದ ಚೂರುಗಳು ಎಂಟ್ರಪಿಯನ್ನು ತಾವಾಗಿಯೇ ತಗ್ಗಿಸುತ್ತವೆ, ಏಕೆಂದರೆ ಒಂದು ಚೂರು ಕಂಡೊಡನೆ ಮುಂದಿನ ಚೂರು ಯಾವುದೆಂದು ಗೊತ್ತಾಗಿಬಿಡುತ್ತದೆ. ನಾನು ಅವುಗಳನ್ನು ಕೂಡಿಸಿ ಎಣಿಸಿದಾಗ ಎಂಟ್ರಪಿ ಏರಿತು, ಆದರೆ ಸಾಕಾಗುವಷ್ಟು ಏರಲಿಲ್ಲ. ಯೇಲ್‌ನ ಭಾಷಾವಿಜ್ಞಾನಿಗಳಾದ ಕ್ಲೇರ್ ಬೋವರ್ನ್ ಮತ್ತು ಲ್ಯೂಕ್ ಲಿಂಡೆಮನ್ ಬೇರೆ ಬೇರೆ ಲಿಪ್ಯಂತರ ಕ್ರಮಗಳನ್ನು ನೂರಾರು ಭಾಷೆಗಳ ಬರಹಗಳೊಡನೆ ಹೋಲಿಸಿ ಕಂಡದ್ದೂ ಇದೇ: ಚೂರುಗಳನ್ನು ಹೇಗೆ ಕೂಡಿಸಿದರೂ ವಾಯ್ನಿಚ್ ಬರಹ ಇತರ ಭಾಷೆಗಳ ಸಾಲಿಗೆ ಬಂದು ನಿಲ್ಲುವುದಿಲ್ಲ. ಅಂದರೆ ದೋಷ ಲಿಪ್ಯಂತರದಲ್ಲಿ ಸ್ವಲ್ಪ ಇದೆ, ಆದರೆ ಕಟ್ಟುನಿಟ್ಟು ಬರಹದ್ದೇ.

ಚಿಹ್ನೆಗಳ ಆಕಾರದಲ್ಲಿಯೂ ಒಂದು ಸುಳಿವಿದೆ. ಒಂಬತ್ತರ ಅಂಕೆಯಂತೆ ಕಾಣುವ ‘ವೈ’ ಚಿಹ್ನೆ, ಆ ಕಾಲದ ಲ್ಯಾಟಿನ್ ಲಿಪಿಕಾರರು ಪದದ ಅಂತ್ಯವನ್ನು ಚುಟುಕಾಗಿ ಬರೆಯಲು ಬಳಸುತ್ತಿದ್ದ ಗುರುತಿನ ಹಾಗೆಯೇ ಇದೆ. ನಮ್ಮ ಅಜ್ಜನ ಕಾಲದ ಪತ್ರಗಳಲ್ಲಿ ‘ಚಿ॥’, ‘ತಾ॥’ ಎಂದು ಎರಡು ಗೀಟೆಳೆದು ಬಿಡುತ್ತಿದ್ದುದನ್ನು ನೋಡಿದವರಿಗೆ, ಪದಗಳ ಕೊನೆ ಏಕೆ ಒಂದೇ ರೀತಿ ಇರಬಹುದೆಂದು ಊಹಿಸುವುದು ಕಷ್ಟವಲ್ಲ. ಸಂಕ್ಷೇಪಗಳಿಂದ ತುಂಬಿದ ಬರಹದ ಲೆಕ್ಕ ಬೇರೆಯೇ ಆಗಿರುತ್ತದೆ.

ಈಗ ಸಾಲಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಹಸ್ತಪ್ರತಿಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲ. ಅಮೆರಿಕದ ನೌಕಾದಳದಲ್ಲಿ ಗುಪ್ತಲಿಪಿಗಳ ಕೆಲಸ ಮಾಡಿದ್ದ ಪ್ರೆಸ್ಕಾಟ್ ಕರ್ರಿಯರ್ 1976ರಲ್ಲಿ, ಈ ಬರಹದಲ್ಲಿ ಸಾಲು ಎಂಬುದು ಕೇವಲ ಜಾಗ ಮುಗಿದಲ್ಲಿ ಮುರಿಯುವ ಗೆರೆಯಲ್ಲ, ಅದು ತಾನೇ ಒಂದು ಘಟಕ ಎಂದು ಹೇಳಿದನು. ಸಾಲಿನ ಮೊದಲ ಪದಗಳು ನಡುವಿನ ಪದಗಳಂತಿಲ್ಲ, ಕೊನೆಯ ಪದಗಳು ಇವೆರಡರಂತೆಯೂ ಇಲ್ಲ. ಒಂದು ಪದದ ಕೊನೆಯ ಚಿಹ್ನೆ ಮುಂದಿನ ಪದದ ಮೊದಲ ಚಿಹ್ನೆಯ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನೂ ಅವನು ಗಮನಿಸಿದನು. ಈ ಎರಡನೆಯ ಮಾತನ್ನು ಓದಿದ ಕನ್ನಡಿಗರಿಗೆ ತಕ್ಷಣ ಸಂಧಿ ನೆನಪಾಗುತ್ತದೆ: ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರ ಗಕಾರವಾಗುವುದಕ್ಕೆ ಹಿಂದಿನ ಪದವೇ ಕಾರಣ. ಮೊದಲನೆಯ ಮಾತಿಗೂ ನಮ್ಮಲ್ಲಿ ಹೋಲಿಕೆಯಿದೆ. ಹಳಗನ್ನಡ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮ ತಿಳಿಯದ ಪರದೇಶದವನೊಬ್ಬನು ಷಟ್ಪದಿಗಳನ್ನು ಎಣಿಸಿದರೆ, ಸಾಲಿನ ಎರಡನೆಯ ಸ್ಥಾನದಲ್ಲಿ ಏನೋ ಗುಪ್ತ ನಿಯಮವಿದೆ ಎಂದು ಅವನಿಗೆ ಖಂಡಿತ ಕಾಣಿಸುತ್ತದೆ, ಮತ್ತು ಅದು ಸರಿಯಾಗಿಯೇ ಇರುತ್ತದೆ.

ಹಾಗಾದರೆ ವಾಯ್ನಿಚ್ ಪದ್ಯವೇ? ಇದಕ್ಕೆ ಉತ್ತರ ಕೊಟ್ಟದ್ದು ಮತ್ತೆ ದೊಡ್ಡಪ್ಪನ ಕಟ್ಟು. ತಾಳೆಗರಿಯಲ್ಲಿ ಪದ್ಯವನ್ನು ಪಾದಪಾದವಾಗಿ ಬರೆಯುವುದಿಲ್ಲ. ಗರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನಡುವೆ ದಾರದ ತೂತಿನ ಸುತ್ತ ಜಾಗ ಬಿಟ್ಟು, ಪದಗಳ ನಡುವೆ ಬಿಡುವೂ ಇಲ್ಲದೆ ಬರೆದುಕೊಂಡು ಹೋಗುತ್ತಾರೆ. ಗರಿ ಮುಗಿದಲ್ಲಿ ಸಾಲು ಮುರಿಯುತ್ತದೆ, ಅದು ಪದದ ನಡುವೆಯಾದರೂ ಸರಿಯೇ. ಹಾಗೆ ಬರೆದ ಪದ್ಯದಲ್ಲಿ ಪ್ರಾಸ ಎಲ್ಲಿಯೋ ಇರುತ್ತದೆ, ಗರಿಯ ಸಾಲಿನ ಆರಂಭದಲ್ಲಿ ಇರುವುದಿಲ್ಲ. ಪದ್ಯದ ಪಾದ ಭಾಷೆಗೆ ಸೇರಿದ್ದು, ಗರಿಯ ಸಾಲು ಗರಿಗೆ ಸೇರಿದ್ದು. ವಾಯ್ನಿಚ್‌ನಲ್ಲಿ ಮೊದಲು ಗಿಡದ ಚಿತ್ರ ಬರೆದು ಆಮೇಲೆ ಅದರ ಎಲೆಗಳನ್ನು ಬಳಸಿಕೊಂಡು ಬರಹವನ್ನು ತುಂಬಿದ್ದಾರೆ. ಎಲೆ ಅಡ್ಡ ಬಂದಲ್ಲಿ ಸಾಲು ಗಿಡ್ಡವಾಗುತ್ತದೆ, ಬಯಲಿದ್ದಲ್ಲಿ ಉದ್ದವಾಗುತ್ತದೆ. ಅಂತಹ ಸಾಲು ಪದ್ಯದ ಪಾದವಾಗಿರಲಾರದು. ಆದರೂ ನಿಯಮಗಳು ಆ ಸಾಲನ್ನೇ ಅನುಸರಿಸುತ್ತವೆ. ಆದುದರಿಂದ ಸಾಲಿಗೆ ಅಂಟಿಕೊಂಡ ಆ ನಿಯಮಗಳು ಭಾಷೆಯಿಂದ ಬಂದವಲ್ಲ, ಬರೆಯುವ ಕೆಲಸದಿಂದ ಬಂದವು ಎಂದು ನಾನು ನಂಬುತ್ತೇನೆ: ಒಂದೋ ಪ್ರತಿ ಸಾಲಿನ ಆರಂಭದಲ್ಲಿ ಹೊಸದಾಗಿ ಶುರುವಾಗುವ ಒಂದು ಗುಪ್ತಲಿಪಿಯ ವಿಧಾನ, ಇಲ್ಲವೇ ಲಿಪಿಕಾರರ ಕೈಗೆ ರೂಢಿಯಾದ ಅಲಂಕಾರ, ಇಲ್ಲವೇ ಅರ್ಥವಿಲ್ಲದೆ ಪದಗಳನ್ನು ಹುಟ್ಟಿಸುವ ಒಂದು ಕ್ರಮ. ಗಲ್ಲುಗಂಬದ ಎರಡು ಅಕ್ಷರಗಳು ಪ್ಯಾರಾದ ಮೊದಲ ಸಾಲಿಗೆ ಮೀಸಲಾಗಿರುವುದಕ್ಕೆ ಅಲಂಕಾರದ ವಿವರಣೆ ಸಾಕಾಗಬಹುದು. ನಮ್ಮ ಗ್ರಂಥಗಳ ಆರಂಭದಲ್ಲಿ ‘ಹರಿಃ ಓಂ’, ‘ಅವಿಘ್ನಮಸ್ತು’ ಎಂದು ಬರೆಯುವ ಹಾಗೆ ಅವು ಆರಂಭವನ್ನು ಸೂಚಿಸುತ್ತಿರಬಹುದು. ಸಾಲಿನ ನಡುವಿನ ಪದಗಳು ಸ್ಥಾನಕ್ಕೆ ತಕ್ಕಂತೆ ಬದಲಾಗುವುದಕ್ಕೆ ಅದು ಸಾಲದು.

ಮೂರನೆಯ ಸಾಧ್ಯತೆಯನ್ನು ಗಂಭೀರವಾಗಿ ಮಂಡಿಸಿದವರಿದ್ದಾರೆ. ಬ್ರಿಟನ್ನಿನ ಗಾರ್ಡನ್ ರಗ್ 2004ರಲ್ಲಿ, ಪದಗಳ ತುಣುಕುಗಳನ್ನು ಕೋಷ್ಟಕದಲ್ಲಿ ಬರೆದು ತೂತುಗಳಿರುವ ರಟ್ಟನ್ನು ಅದರ ಮೇಲೆ ಸರಿಸುತ್ತಾ ಹೋದರೆ ಇಂತಹ ಪದಗಳು ಹುಟ್ಟುತ್ತವೆಂದು ಮಾಡಿ ತೋರಿಸಿದರು. ಜರ್ಮನಿಯ ಟಾರ್ಸ್ಟನ್ ಟಿಮ್ ಅವರ ಪ್ರಕಾರ ಬರೆದವನು ತಾನು ಸ್ವಲ್ಪ ಮೊದಲು ಬರೆದ ಪದವನ್ನೇ ನೋಡಿ ಒಂದೆರಡು ಚಿಹ್ನೆಗಳನ್ನು ಬದಲಿಸಿ ಮುಂದಿನ ಪದವನ್ನು ಮಾಡುತ್ತಿದ್ದನು. ಹತ್ತಿರದ ಪದಗಳು ಒಂದನ್ನೊಂದು ಹೋಲುವುದಕ್ಕೆ ಅದೇ ಕಾರಣ. ಈ ಹೋಲಿಕೆಯನ್ನು ನೋಡಿದಾಗ ಮೊದಲು ನಾನು ನಮ್ಮ ವಿಭಕ್ತಿಗಳನ್ನು ನೆನೆದೆ: ತೋಟ, ತೋಟದ, ತೋಟಕ್ಕೆ, ತೋಟದಲ್ಲಿ, ತೋಟದಿಂದ. ಆದರೆ ಕನ್ನಡದಲ್ಲಿ ಬದಲಾಗುವುದು ಪದದ ಬಾಲ, ತಲೆ ಹಾಗೆಯೇ ಉಳಿಯುತ್ತದೆ. ವಾಯ್ನಿಚ್‌ನಲ್ಲಿ ತಲೆ, ನಡು, ಬಾಲ ಮೂರೂ ಬದಲಾಗುತ್ತವೆ. ಮತ್ತೊಂದು ಕಡೆ, 2013ರಲ್ಲಿ ಮಾರ್ಸೆಲೊ ಮಾಂಟೆಮುರ್ರೊ ಮತ್ತು ಡೇಮಿಯನ್ ಝಾನೆಟ್ ಅವರು, ಕೆಲವು ಪದಗಳು ಕೆಲವು ವಿಭಾಗಗಳಲ್ಲಿಯೇ ಗುಂಪುಗೂಡುವುದನ್ನು ತೋರಿಸಿ, ಅರ್ಥವಿರುವ ಬರಹದ ಲಕ್ಷಣವಿದು ಎಂದು ವಾದಿಸಿದರು. ಈ ವಾದ ನನ್ನನ್ನು ಪೂರ್ತಿಯಾಗಿ ಒಪ್ಪಿಸಿಲ್ಲ, ಏಕೆಂದರೆ ಹಿಂದಿನ ಪದವನ್ನು ನೋಡಿ ಮುಂದಿನದನ್ನು ಬರೆಯುವವನ ಬರಹದಲ್ಲಿಯೂ ಪದಗಳು ಗುಂಪುಗೂಡುತ್ತವೆ. ನನ್ನ ಒಲವು ಈಗ ಗುಪ್ತಲಿಪಿ ಅಥವಾ ಅರ್ಥರಹಿತ ಬರಹದ ಕಡೆಗಿದೆ. ಯಾರೋ ತಮ್ಮ ಮನೆಮಾತನ್ನು ಹೊಸ ಲಿಪಿಯಲ್ಲಿ ನೇರವಾಗಿ ಬರೆದಿದ್ದಾರೆಂಬ, ನಾನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದ ನಂಬಿಕೆ ಉಳಿದಿಲ್ಲ.

ಕರ್ರಿಯರ್ ಇನ್ನೊಂದು ಕೆಲಸವನ್ನೂ ಮಾಡಿದ್ದನು. ಪುಸ್ತಕದಲ್ಲಿ ಎರಡು ಬಗೆಯ ಬರಹವಿದೆಯೆಂದು ಅವನು ಎಣಿಕೆಯಿಂದ ತೋರಿಸಿ ಅವುಗಳಿಗೆ ‘ಎ’ ಮತ್ತು ‘ಬಿ’ ಎಂದು ಹೆಸರಿಟ್ಟನು. ‘ಬಿ’ಯಲ್ಲಿ ಪದೇ ಪದೇ ಬರುವ ‘ಚೇದಿ’ ಪದ ‘ಎ’ಯಲ್ಲಿ ಬಹುತೇಕ ಇಲ್ಲವೇ ಇಲ್ಲ. ಈ ಎರಡು ಬಗೆಗಳು ಬೇರೆ ಬೇರೆ ಕೈಬರಹಗಳಲ್ಲಿವೆ ಎಂದೂ ಅವನು ಹೇಳಿದನು. 2020ರಲ್ಲಿ ಹಸ್ತಪ್ರತಿತಜ್ಞೆ ಲೀಸಾ ಫೇಗಿನ್ ಡೇವಿಸ್ ಅಕ್ಷರಗಳ ಆಕಾರವನ್ನು ಸೂಕ್ಷ್ಮವಾಗಿ ನೋಡಿ ಐವರು ಲಿಪಿಕಾರರನ್ನು ಗುರುತಿಸಿದ್ದಾರೆ. ಐವರು ಸೇರಿ ಬರೆದಿದ್ದಾರೆಂದರೆ ಅವರಿಗೆಲ್ಲ ಕಲಿಸಿಕೊಟ್ಟ ಒಂದು ವಿಧಾನ ಇತ್ತು ಎಂದಾಯಿತು, ಮತ್ತು ಕಲಿಸಿದ ವಿಧಾನವನ್ನು ಪ್ರತಿಯೊಬ್ಬರೂ ಸ್ವಲ್ಪ ಬೇರೆಯಾಗಿ ನಡೆಸುತ್ತಾರೆ. ಹೀಗಾಗಿ ಇಡೀ ಪುಸ್ತಕವನ್ನು ಒಟ್ಟಿಗೆ ಸುರಿದು ಎಣಿಸುವ ಲೆಕ್ಕಗಳನ್ನು, ನನ್ನ ಮೊದಲ ವರ್ಷದ ಲೆಕ್ಕಗಳನ್ನೂ ಸೇರಿಸಿ, ನಾನು ಈಗ ಬದಿಗಿಟ್ಟಿದ್ದೇನೆ.

ಸದ್ಯಕ್ಕೆ ನಾನು ಮಾಡುತ್ತಿರುವುದು ಇಷ್ಟು. ಒಬ್ಬೊಬ್ಬ ಲಿಪಿಕಾರನ ಪುಟಗಳನ್ನು ಬೇರೆ ಮಾಡಿ, ಪ್ಯಾರಾದ ಮೊದಲ ಸಾಲುಗಳನ್ನು ತೆಗೆದಿಟ್ಟು, ಉಳಿದ ಸಾಲುಗಳ ಮೊದಲ, ನಡುವಿನ ಮತ್ತು ಕೊನೆಯ ಪದಗಳನ್ನು ಮೂರು ಪಟ್ಟಿಗಳಲ್ಲಿ ಎಣಿಸುತ್ತಿದ್ದೇನೆ. ಚಿತ್ರದಿಂದಾಗಿ ಗಿಡ್ಡವಾದ ಸಾಲುಗಳಿಗೆ ಇನ್ನೊಂದು ಪಟ್ಟಿ ಇದೆ; ಎಲೆ ಅಡ್ಡ ಬಂದು ಸಾಲು ನಡುವೆ ತುಂಡಾದಲ್ಲಿ, ಎಲೆಯ ಈಚೆಯ ಪದ ಸಾಲಿನ ಕೊನೆಯ ಪದದಂತೆ ನಡೆದುಕೊಳ್ಳುತ್ತದೆಯೋ ನಡುವಿನ ಪದದಂತೆಯೋ ಎಂಬುದನ್ನು ನೋಡಬೇಕಾಗಿದೆ. ಅದೇ ಲೆಕ್ಕವನ್ನು ದೊಡ್ಡಪ್ಪನ ಕಟ್ಟಿಗೂ ಹಾಕುತ್ತಿದ್ದೇನೆ, ಅಲ್ಲಿ ಎಲೆಯ ಬದಲು ದಾರದ ತೂತು ಇದೆ. ಈ ಸಲ ಏತ್ವವನ್ನು ಅದರ ವ್ಯಂಜನದೊಡನೆ ಕೂಡಿಸಿಯೇ ಎಣಿಸಿದ್ದೇನೆ. ಇಪ್ಪತ್ತೆರಡು ಗರಿಗಳು ಮುಗಿದಿವೆ. ಮುಂದಿನ ಶನಿವಾರ ದೇವಿಮನೆ ಘಟ್ಟ ಹತ್ತಿ ಮನೆಗೆ ಹೋದಾಗ ಉಳಿದವುಗಳ ಚಿತ್ರ ತೆಗೆದುಕೊಳ್ಳಬೇಕು. ಅಂಚು ಮುರಿದಿರುವ ಎರಡು ಗರಿಗಳನ್ನು ದೊಡ್ಡಪ್ಪ ತಾವೇ ಓದಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದಾರೆ.